ನಾಲ್ಕು ಗಂಟೆಯ ಫೋನು

ಐಸಿಯು ಹೊರಗಿನ ಬೆಂಚಿನಲ್ಲಿ ಕೂತಿದ್ದ ಆಂಬ್ಯುಲೆನ್ಸ್ ಡ್ರೈವರನ ಕಿವಿಗೆ ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು ಮತ್ತು ಒಬ್ಬ ದರ್ಜಿಯ ಮಾತು ಬಿತ್ತು. ಆ ಹೆಂಗಸಿನ ಗಂಡ ಕೊರೊನಾ ನ್ಯುಮೋನಿಯಾದಿಂದ ಹತ್ತೊಂಬತ್ತು ದಿನಗಳಿಂದ ವೆಂಟಿಲೇಟರ್ ಮೇಲಿದ್ದ. ದಿನಾ ಸಂಜೆ ನಾಲ್ಕಕ್ಕೆ ನರ್ಸು ಅವಳಿಗೆ ಫೋನು ಮಾಡಿ, ಅವಳ ಮಾತು ಕೇಳಿಸಲೆಂದು ಅವನ ಕಿವಿಗೆ ಹಿಡಿಯುತ್ತಿದ್ದಳು. ಹಿಂದೆ ಅದೇ ಐಸಿಯುನಿಂದ ಬದುಕಿ ಬಂದಿದ್ದ ದರ್ಜಿ ತಪಾಸಣೆಗೆ ಬಂದಿದ್ದ.

"ಒಳಗೆ ನಿಮಗೆ ಏನಾದ್ರೂ ಕೇಳಿಸ್ತಿತ್ತಾ ಅಣ್ಣಾ?"

"ಸುಳ್ಳು ಯಾಕಮ್ಮಾ ಹೇಳ್ಲಿ, ಏನೂ ನೆನಪಿಲ್ಲ."

"ಹಾಗಾದ್ರೆ ನಾನು ದಿನಾ ಬೈತಿರೋದು ಗಾಳಿಗಾ? ಬೇಗ ಮನೆಗೆ ಬರ್ದೇ ಇದ್ರೆ ಮಂಚ ಮಾರ್ಬಿಡ್ತೀನಿ ಅಂತೀನಿ."

"ನನ್ನವಳೂ ದಿನಾ ಮಾತಾಡಿದ್ಳಂತೆ. ಏನು ಹೇಳ್ದೆ ಅಂದ್ರೆ ಈಗ ನಾಚ್ಕೊಂಡು ಬಾಯೇ ಬಿಡಲ್ಲ. ಅದೊಂದು ಕೇಳ್ಬೇಕು ಅಂತ ಜೀವ ತುಡಿಯುತ್ತೆ."

ನಾಲ್ಕಾಯಿತು. ಅವಳ ಫೋನು ಬಡಿದುಕೊಂಡಿತು.

"ಇವತ್ತು ಏನು ಹೇಳ್ಲಿ?"

"ಬೈಯಿರಿ. ಅದಾದ್ರೆ ಅವರು ಮನೆಗೆ ಬಂದ್ಮೇಲೂ ನಾಚ್ಕೆ ಇಲ್ದೆ ಹೇಳ್ಬಹುದು."

ಅವಳು ಫೋನು ಕಿವಿಗಿಟ್ಟುಕೊಂಡು ಮೆಟ್ಟಿಲ ಕಡೆ ನಡೆದಳು. ಡ್ರೈವರ್ ಕಿವಿಗೊಟ್ಟ. ಮೆಲುದನಿ ಕೇಳಿಸಿತು, ಬೈಗುಳ ಕೇಳಿಸಲಿಲ್ಲ.