ಬಾನಿಯ ತಳದ ಬಣ್ಣ

ಊರಿಗೆ ಹೆಸರಿಲ್ಲ, ದಾರಿಗೆ ಗುರುತಿಲ್ಲ, ಕತೆಗೆ ಮಾತ್ರ ಕೊನೆ ಇದೆ. ಹತ್ತಿರ ಬಂದು ಕೂತ್ಕೊಳ್ಳಿ. ಇದನ್ನ ನನ್ನ ಹಂಗೆ ಹೇಳೋನು ಏಳು ಹಳ್ಳಿಯಲ್ಲಿ ಇಲ್ಲ.

ಒಂದು ಕಾಡು. ಕಾಡಿನಂಚಿಗೆ, ಬಾನಿ ಅನ್ನೋ ದೊಡ್ಡ ಮಣ್ಣಿನ ಪಾತ್ರೆಯಲ್ಲಿ ಬಟ್ಟೆ ಅದ್ದಿ ಬಣ್ಣ ಹಾಕೋ ಸಂಕವ್ವ. ಆಗೆಲ್ಲ ಚಿಟ್ಟೆಗಳು ಬರೀ ಬಿಳಿ. ಕಾಡಿನ ಯಜಮಾನ ಕಾಡಗೌಡ ಬಂದು ಹೇಳಿದ: "ಸಂಕವ್ವಾ, ಗಂಡುಚಿಟ್ಟೆ ನೀಲಿ ಬಾನಿಗೆ, ಹೆಣ್ಣುಚಿಟ್ಟೆ ಅರಿಶಿನದ ಬಾನಿಗೆ. ತಪ್ಪಿಲ್ಲದೆ ಮುಗಿಸಿದರೆ ಬೇಕಾದಷ್ಟು ಮಲಗು. ಒಂದು ತಪ್ಪಿದರೂ ಬರೋ ವರ್ಷದ ಚಿಟ್ಟೆಗಳಿಗೂ ನೀನೇ ಬಣ್ಣ ಹಾಕಬೇಕು."

ಅದ್ದಿದಳು, ಅದ್ದಿದಳು, ಅದ್ದುತ್ತಲೇ ಇದ್ದಳು. ಬೆನ್ನು ಬಿಲ್ಲಾಯಿತು, ಬೆರಳು ಬೆಂಡಾದವು. ಅವಳಿಗೆ ಬೇಕಿದ್ದದ್ದು ಹೊನ್ನಲ್ಲ, ಕಣ್ತುಂಬ ಒಂದು ನಿದ್ದೆ. ಸಂತೆಯಲ್ಲಿ ಎಲ್ಲ ಸಿಗುತ್ತೆ, ನಿದ್ದೆ ಸಿಗುತ್ತಾ?

ಮೊದಲ ವರ್ಷ, ಬಾನಿಯ ತಳ ಕಾಣೋ ಹೊತ್ತು, ಕೊನೆಯ ಚಿಟ್ಟೆಗೆ ತೂಕಡಿಸಿದಳು. ಹೆಣ್ಣುಚಿಟ್ಟೆ ನೀಲಿಗೆ ಬಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. "ಮತ್ತೆ ಮೊದಲಿಂದ," ಅಂದ ಗೌಡ. ಸಂಕವ್ವ ಅತ್ತಳು.

ಎರಡನೇ ವರ್ಷವೂ ಕೊನೆಯದಕ್ಕೇ ತೂಕಡಿಕೆ. ಚಿಟ್ಟೆ ಅದ್ದಿಸಿಕೊಳ್ಳದೆ ಬಿಳಿಯಾಗೇ ಹಾರಿಹೋಯಿತು. "ಮತ್ತೆ ಮೊದಲಿಂದ." ಸಂಕವ್ವ ಹಣೆ ಚಚ್ಚಿಕೊಂಡಳು.

ಮೂರನೇ ವರ್ಷ, ಕೇಳಿ, ಮತ್ತೆ ತೂಕಡಿಕೆ, ಕೊನೆಯ ಚಿಟ್ಟೆಗೆ ಒಂದು ರೆಕ್ಕೆ ನೀಲಿ, ಒಂದು ರೆಕ್ಕೆ ಅರಿಶಿನ.

"ಏನವ್ವಾ ಇದು? ಗಂಡೋ ಹೆಣ್ಣೋ? ಎರಡೂ ಮನೆಯಲ್ಲಿ ಉಣ್ಣೋ ನೆಂಟನೋ?" ಅಂದ ಗೌಡ.

ಈ ಸಲ ಅಳೋಕೂ ತ್ರಾಣವಿಲ್ಲ. ಸಂಕವ್ವ ತನ್ನ ಸೆರಗು ನೋಡಿಕೊಂಡಳು. ಮಗ್ಗದಿಂದ ಇಳಿದ ಹಾಗೇ ಇದ್ದ, ಬಣ್ಣ ಕಾಣದ ಸೀರೆ.

"ಗೌಡ್ರೇ, ಬಾನಿಯ ತಳದಲ್ಲಿ ಉಳಿದ ಬಣ್ಣ ಯಾರದು?"

"ಅದನ್ನೂ ಕೇಳ್ತೀಯಾ? ಬಣ್ಣ ಹಾಕೋರದು. ನಮ್ಮಜ್ಜನ ಕಾಲದಿಂದ ಹಂಗೇ. ಅವರು ಅದರಲ್ಲಿ ಏನಾದರೂ ಅದ್ದಲಿ, ಕೇಳೋ ಹಂಗಿಲ್ಲ."

"ಊರಿಗೆಲ್ಲ ಬಣ್ಣ ಹಾಕಿದೆ. ನನ್ನ ಸೀರೆ ಅದ್ದೋಕೆ ಒಂದು ದಿನವೂ ಕೈ ಏಳಲಿಲ್ಲ. ಎರಡೂ ಬಾನಿಯ ತಳದ ಬಣ್ಣ ಈ ಚಿಟ್ಟೆಗೆ ಕೊಟ್ಟಿದ್ದೀನಿ. ಇದು ನನ್ನ ಪಾಲು, ಹೆಂಗಾದರೂ ಇರಲಿ."

ಗೌಡ ಅಜ್ಜನ ಮಾತು ಮೀರೋದು ಹೆಂಗೆ? "ಹಂಗಾದ್ರೆ ತಪ್ಪಿಲ್ಲ. ಮಲಗು ತಾಯಿ," ಅಂದ.

ಹಸಿವಿಗೆ ರುಚಿ ಬೇಡ, ನಿದ್ದೆಗೆ ಹಾಸಿಗೆ ಬೇಡ. ಅವನ ಮಾತು ಮುಗಿಯೋ ಮೊದಲೇ ಸಂಕವ್ವ ಬಾನಿಗೆ ಒರಗಿ ನಿದ್ದೆ ಹೋಗಿದ್ದಳು.

ಇವತ್ತಿಗೂ ಸಾವಿರಕ್ಕೊಂದು ಚಿಟ್ಟೆ ಹಂಗೆ ಬಣ್ಣ ತಪ್ಪಿ ಬರುತ್ತೆ. ನಾನು ನೋಡಿದ್ದೀನಿ, ಅದಕ್ಕೆ ನನ್ನಂಥ ಕಣ್ಣು ಬೇಕು. ನಿಮಗೆ ಕಂಡರೆ ಬೆನ್ನಟ್ಟಬೇಡಿ, ಕೂಗಬೇಡಿ. ಎಲ್ಲೋ ದುಡಿದು ದಣಿದ ಒಬ್ಬಳಿಗೆ ಈಗ ತಾನೇ ನಿದ್ದೆ ಹತ್ತಿದೆ.

ಕತೆ ಚಿಟ್ಟೆಯ ಹಿಂದೆ ಹೋಯಿತು. ನಾವು ಚಾಪೆಯ ಕಡೆ ಹೋಗೋಣ.