ಕರಡಿ ಹೇಳಿದ ಎಣ್ಣೆ

ವಿಶೇಷ ಅಗತ್ಯವಿರುವ ಹುಡುಗ ಹುಡುಗಿಯರ ತರಬೇತಿ ಕೇಂದ್ರದ ಹೊರಗೆ, ತಂಗಿ ಮಗಳಿಗಾಗಿ ಕಾಯುತ್ತಾ ಕೂತಿದ್ದೆ. ಅದೇ ಬೆಂಚಿನಲ್ಲಿ ಒಬ್ಬ ತಾಯಿ, ಒಬ್ಬ ತಂದೆ. ಬೇಡವೆಂದರೂ ಕಿವಿ ಆ ಕಡೆಗೇ ಹೋಯಿತು.

"ಮಕ್ಕಳು ನಾಲ್ಕು ಜನರ ಜೊತೆ ಬೆರೀಲಿ ಅಂತ ಮೇಡಮ್ ಆನ್‌ಲೈನ್ ಆಟ ಹಾಕಿಕೊಟ್ರಲ್ಲ, ನಿಮ್ಮ ಮಗಳು ಆಡ್ತಾಳಾ?" ತಂದೆ ಕೇಳಿದರು.

"ಆಡೋದೇನು, ಒಬ್ಬ ಸ್ನೇಹಿತನೂ ಸಿಕ್ಕಿದಾನೆ. ಆಟದಲ್ಲಿ ಕರಡಿ ವೇಷದವನು. ಚಿನ್ನದಂಥ ಹುಡುಗ."

"ಅವಳೇ ಹೇಳಿದ್ಲಾ?"

"ಅವಳೆಲ್ಲಿ ಬಾಯಿ ಬಿಡ್ತಾಳೆ? ನಿಮ್ಮ ಹತ್ರ ಏನು ಮುಚ್ಚುಮರೆ, ಅವಳ ಹೆಸರಲ್ಲಿ ನಾನೇ ಆಡೋದು. ಸ್ನೇಹ ಒಂದು ಹದಕ್ಕೆ ಬಂದಮೇಲೆ ಅವಳ ಕೈಗೆ ಕೊಟ್ಟರಾಯ್ತು ಅಂತ."

"ಏನು ಮಾತಾಡ್ತಾನೆ ಅವನು?"

"ತುಂಬಾ ತಿಳುವಳಿಕಸ್ಥ. ನಿನ್ನೆ ಮಂಡಿ ನೋವಿಗೆ ಎಣ್ಣೆ ಹೇಳಿಕೊಟ್ಟ."

"ಈ ವಯಸ್ಸಿಗೇ ಅವಳಿಗೆ ಮಂಡಿ ನೋವಾ?"

"ನೋವು ನಂದು. ಕೈತಪ್ಪಿ ಬರೆದುಬಿಟ್ಟೆ."

ತಂದೆ ಒಂದು ಗಳಿಗೆ ತಮ್ಮ ಚಪ್ಪಲಿಯನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಬಿಸಿ ಮಾಡಿ ಹಚ್ಚಿದ್ರಾ?"

ತಾಯಿ ಗರಕ್ಕನೆ ತಿರುಗಿದರು. "ಅಯ್ಯೋ ಶಿವನೇ! ಕರಡಿ ನೀವಾ?"

"ನಮ್ಮವನೂ ಬಾಯಿ ಬಿಡಲ್ಲ ನೋಡಿ. ಅದಕ್ಕೇ ಅವನ ಬದಲು ನಾನು..."

ಅಷ್ಟರಲ್ಲಿ ಬಾಗಿಲು ತೆರೆಯಿತು. ಅವರ ಮಗಳೂ ಇವರ ಮಗನೂ ಒಟ್ಟಿಗೇ ಹೊರಬಂದರು. ಯಾವುದೋ ವಿಷಯಕ್ಕೆ ಜೋರು ವಾದ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು.

"ಅಮ್ಮ, ಬಸ್‌ಸ್ಟಾಪ್‌ವರೆಗೆ ನಾವಿಬ್ರೇ ಹೋಗ್ತೀವಿ."

"ತಾಳೇ, ನಾವೂ ಬರ್ತೀವಿ!"

"ಬೇಡ," ಅಂದ ಹುಡುಗ ತಿರುಗಿಯೂ ನೋಡದೆ. "ನೀವು ಆಡ್ತಾ ಇರಿ."