ಗೊಳಗುಟ್ಟುವ ಸ್ಕ್ಯಾನರ್

ದೀಪ ಸ್ವಲ್ಪ ಸಣ್ಣ ಮಾಡಿ, ಹೇಳ್ತೀನಿ. ಇದಾದದ್ದು ನನ್ನ ಚಿಕ್ಕಪ್ಪನ ಮಗ ಡೆನ್ಜಿಲ್‌ಗೆ, ಇಲ್ಲೇ ಒಹಾಯೋದ ನಮ್ಮ ಕಣಿವೆಯಲ್ಲಿ.

ಅಗ್ನಿಶಾಮಕ ದಳದವರ ಬೀನ್ಸ್ ಊಟ, ಆಮೇಲೆ ಇಸ್ಪೀಟು. ರಾತ್ರಿ ಎರಡು ಗಂಟೆ ಮೇಲಾಗಿತ್ತು, ಒಬ್ಬನೇ ನಡೆದು ಬರ್ತಿದ್ದ. ಚರ್ಚಿನ ಹಳೇ ಬಾವಿ ಹತ್ತಿರ ಸೊಂಟಕ್ಕೆ ಸಿಕ್ಕಿಸಿದ್ದ ರೇಡಿಯೋ ಸ್ಕ್ಯಾನರ್ 'ಟಿಕ್' ಅಂತು. ಆಫ್ ಮಾಡಿಟ್ಟಿದ್ದ ಸ್ಕ್ಯಾನರ್...

ನಮ್ಮಲ್ಲಿ ಮುದುಕರಿರೋ ಮನೆಯ ಫ್ರಿಜ್ ಮೇಲೆ ಅದೊಂದು ಇರಲೇಬೇಕು. ಪೊಲೀಸರ, ಆಂಬುಲೆನ್ಸಿನ ಮಾತೆಲ್ಲ ಅದರಲ್ಲಿ ಕೇಳುತ್ತೆ. ಆಂಬುಲೆನ್ಸ್ ಬರೋಕೆ ಅರ್ಧ ಗಂಟೆ ಬೇಕು, ಅದಕ್ಕೇ ಅದರಲ್ಲಿ ಮನೆ ನಂಬರ್ ಕೇಳಿಸಿಕೊಂಡ ನೆರೆಯವರು ಮೊದಲು ಓಡ್ತಾರೆ. ನಮ್ಮಿಬ್ಬರ ಅಜ್ಜಿ ಅರ್ಡಿತ್ ಕೇಳ್ತಿದ್ದದ್ದು ತೊರೆಯಾಚೆ ಒಂಟಿಯಾಗಿದ್ದ ತನ್ನ ತಮ್ಮ ಮರ್ಲ್‌ಗಾಗಿ. ಅವನ ಹೃದಯ ಸರಿಯಿರಲಿಲ್ಲ. ಎದೆ ಹಿಡಿದುಕೊಂಡವನು ಆಂಬುಲೆನ್ಸಿಗೆ ಒಂದು ಫೋನ್ ಮಾಡಿದರೇ ಹೆಚ್ಚು. ಅವನ ಮಾತ್ರೆ ಸದಾ ಇವಳ ಜೇಬಲ್ಲಿರ್ತಿತ್ತು.

ಆಮೇಲೆ ಕೌಂಟಿಯವರು, ಅಂದ್ರೆ ಜಿಲ್ಲೆಯವರು, ಪೊಲೀಸ್ ರೇಡಿಯೋ ಎಲ್ಲ ಡಿಜಿಟಲ್ ಮಾಡಿದರು. ಅಜ್ಜಿಯ ಹಳೇ ಡಬ್ಬ ಮೂಕಾಯ್ತು.

"ಯಾವುದು ತಗೊಳ್ಳಲೋ ಡೆನ್ಜಿಲ್? ಈ ವಯಸ್ಸಲ್ಲಿ ನಂಗೆ ಮೊದಲ ಡಿಜಿಟಲ್ಲು."

ಅಂಗಡಿಯಲ್ಲಿ ಎರಡೇ ಉಳಿದಿದ್ದವು. ಇಲ್ಲಿ ನಾಲ್ಕು ರೇಡಿಯೋ ಟವರ್ ಒಟ್ಟಿಗೆ ಮಾತಾಡ್ತವೆ. ಸಾಮಾನ್ಯ ಸ್ಕ್ಯಾನರ್‌ನಲ್ಲಿ ಅದೆಲ್ಲ ಕಲಸಿಹೋಗಿ, ಬಾಯಲ್ಲಿ ನೀರಿಟ್ಟುಕೊಂಡು ಮಾತಾಡಿದ ಹಾಗೆ ಗೊಳಗೊಳ ಅನ್ನುತ್ತೆ. ಇನ್ನೊಂದರಲ್ಲಿ ಸ್ಪಷ್ಟ. ಡೆನ್ಜಿಲ್‌ಗೆ ಗೊತ್ತಿತ್ತು.

"ನಿಂಗೆ ಇದು ಸಾಕಜ್ಜಿ, ಗುಂಡಿ ಕಡಿಮೆ," ಅಂದ. ಒಳ್ಳೇದನ್ನ ತಾನಿಟ್ಟುಕೊಂಡ.

ಮಾರ್ಚಲ್ಲಿ, ರಾತ್ರಿ ಎರಡು ಹದಿನೇಳಕ್ಕೆ, ಸ್ಕ್ಯಾನರಲ್ಲಿ ಮರ್ಲ್ ಮನೆ ನಂಬರ್ ಬಂತು: ಮೂವತ್ತೊಂದು, ತೊರೆ ರಸ್ತೆ. ಡೆನ್ಜಿಲ್ ಕೇಳಿಸಿಕೊಂಡ. ಅಜ್ಜಿಗೂ ಕೇಳಿಸಿರುತ್ತೆ ಅಂತ ಮಗ್ಗುಲು ಬದಲಿಸಿದ. ಕೇಳಿಸಿರಲ್ಲ ಅಂತ ಅವನಿಗೆ ಗೊತ್ತಿತ್ತು ಕಣ್ರೀ. ಹೊರಗೆ ಚಳಿ ಇತ್ತು, ಅಷ್ಟೇ.

ಬೆಳಗ್ಗೆ ಮರ್ಲ್ ಹೆಣದ ಪಕ್ಕ ಅಜ್ಜಿ ಇವನ ಕೈ ಹಿಡಿದು, "ನಾನೇ ಏನೋ ತಪ್ಪು ಗುಂಡಿ ಒತ್ತಿರಬೇಕು," ಅಂದಳು. ಇವನು ತನ್ನ ಸ್ಕ್ಯಾನರ್ ಆಫ್ ಮಾಡಿದ. ಅವತ್ತಿಂದ ಇವನಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ಆ ಬಾವಿ ಹತ್ತಿರಕ್ಕೆ ಬರೋಣ... 'ಟಿಕ್'. ಕಂಟ್ರೋಲ್ ರೂಮಿನ ಹೆಂಗಸಿನ ದನಿ, ತಣ್ಣಗೆ.

"ಮೂವತ್ತೊಂದು, ತೊರೆ ರಸ್ತೆ. ಎದೆನೋವು..." ಸ್ವಲ್ಪ ತಡೆದು, "ಡೆನ್ಜಿಲ್ ಎಚ್ಚರ ಇದ್ದಾನೆ."

ಬಾವಿ ಕಟ್ಟೆ ಹಿಡಿದು ಅಲ್ಲೇ ನಿಂತ. ಅರ್ಧ ಗಂಟೆಯಾದರೂ ಆಗಿರಬೇಕು. ಆಮೇಲೆ ಅಜ್ಜಿ ಮನೆಗೆ ಓಡಿದ.

ಅಜ್ಜಿ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಚಪ್ಪಲಿ ಒದ್ದೆ.

"ಇವತ್ತು ಸ್ಪಷ್ಟ ಕೇಳಿಸ್ತು," ಪಿಸುಗುಟ್ಟಿದಳು. "ಹೋಗಿ ಮರ್ಲ್‌ಗೆ ಮಾತ್ರೆ ಕೊಟ್ಟು ಬಂದೆ. ನೀರು ಕುಡಿದ." ಇವನ ಮುಖ ನೋಡಿದಳು. "ನಿನ್ನ ಹೆಸರೂ ಬಂತು."

"ಅವತ್ತೂ ಎಚ್ಚರ ಇದ್ದೆ ಅಜ್ಜಿ," ಅಂದ. ತನ್ನ ಸ್ಕ್ಯಾನರ್ ಅವಳ ಕೈಗಿಟ್ಟ. ಅವಳು ಅದನ್ನ ಮೆಟ್ಟಿಲ ಮೇಲಿಟ್ಟು ಬಾಗಿಲು ಹಾಕಿಕೊಂಡಳು.

ಮರ್ಲ್ ಮನೆ ಬೀಗದ ಕೈ ಮಾರ್ಚಿನಿಂದ ಇರೋದು ನನ್ನ ಹತ್ತಿರ, ಒಂದೇ ಒಂದು. ಹಾಕಿದ ಬೀಗ ಹಾಗೇ ಇತ್ತು, ಬೆಳಗ್ಗೆ ನಾನೇ ತೆಗೆದೆ. ಹಾಸಿಗೆ ಪಕ್ಕ ಒಂದು ಲೋಟ ಇತ್ತು, ಅರ್ಧ ನೀರು. ನಾನೇ ಚೆಲ್ಲಿ ತೊಳೆದಿಟ್ಟೆ. ಇದು ನಡೆದದ್ದೇ.